ಗೋಡೆಗೆ ಮುಖ ಮಾಡಿದ ಹೂಗಳು

ಹಾರ್ಲೆಮ್, ೧೬೬೧. ಫೆಬ್ರವರಿ ೨೦

ಮಗ ಯೋಸ್ಟ್‌ನ ಪಂಚಾಂಗದಲ್ಲಿ ಅಚ್ಚಾದ ಪ್ರತಿ ಪುಟಕ್ಕೂ ಒಂದು ಖಾಲಿ ಪುಟವಿದೆ. ಜನ ಅದರಲ್ಲಿ ಹವಾಮಾನ ಬರೆದಿಡುತ್ತಾರಂತೆ. ಹವಾಮಾನ ಕಿಟಕಿಯಲ್ಲೇ ಕಾಣುತ್ತದೆ, ಬರೆಯುವುದೇಕೆ? ಕಾಗದ ದಂಡವಾಗಬಾರದೆಂದು ನಾನು ಬರೆಯುತ್ತಿದ್ದೇನೆ. ಹಳ್ಳಿಯ ಮೇಷ್ಟರು ನನಗೆ ಓದು ಕಲಿಸಿದ್ದು ಬೈಬಲ್‌ಗಾಗಿ, ಬರಹ ಕಲಿಸಿದ್ದು ಅವರ ಕೋಳಿ ಕಾದಿದ್ದಕ್ಕಾಗಿ. ಕೋಳಿಗಳು ಸಾರಾದವು, ಅಕ್ಷರ ಉಳಿಯಿತು.

ಬ್ಲೂಮೆಂಡಾಲ್‌ನಿಂದ ಚಿತ್ರಗಾರ ಮಗನ ಮನೆಗೆ ಬಂದು ವಾರವಾಯಿತು. ಯೋಸ್ಟ್‌ನ ಎದೆ ತೂತುಬಿದ್ದ ತಿದಿಯಂತೆ ಸದ್ದು ಮಾಡುತ್ತದೆ. ಗೋಡೆಯೊಳಗಿನ ಹಾಸಿಗೆಗೂಡಿನಲ್ಲಿ ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಾನೆ. ಸೊಸೆ ಸತ್ತು ವರ್ಷಗಳಾದವು. ಇರುವವಳು ಅವನ ಮಗಳೊಬ್ಬಳೇ, ಲೈಸ್ಬೆಟ್. ಮದುವೆಯ ವಯಸ್ಸು ಬಂದು ಬಾಗಿಲಲ್ಲಿ ಕಾದು ಕಾದು ಸುಸ್ತಾಗಿ ಕೂತಿದೆ. ಅಪ್ಪನಿಗೆ ಮಜ್ಜಿಗೆ ಗಂಜಿ ಕಾಯಿಸು ಅಂದರೆ ತಳ ಹಿಡಿಸುತ್ತಾಳೆ. ಹೂವು ಬರೆಯಲು ಕೂತರೆ ಮಾತ್ರ ಉಸಿರನ್ನೂ ಜೋರಾಗಿ ಬಿಡುವುದಿಲ್ಲ.

ಇವತ್ತು ಹಿತ್ತಲಿನಿಂದ ಹಿಮದ ಹನಿಯಂಥ ಪುಟ್ಟ ಬಿಳಿ ಹೂವು ಒಂದನ್ನು ಕಿತ್ತು ತಂದು ಗಾಜಿನ ಲೋಟದಲ್ಲಿಟ್ಟು ಬೆಳಗ್ಗೆಯಿಂದ ಬೆಳಕು ಹೋಗುವ ತನಕ ಅದರ ಮುಂದೆಯೇ.

"ಬೆರಳುಗುರಿನಷ್ಟು ಹೂವಿಗೆ ಒಂದು ದಿನ ಬೇಕೇನೇ?" ಅಂದೆ.

"ನಾಳೆ ಬಾಡೋಗುತ್ತೆ ಅಜ್ಜಿ."

"ಬಾಡ್ಲಿ. ಹೂವು ಇರೋದೇ ಬಾಡೋಕೆ. ಒಲೆ ಆರಿದ್ದು ಕಾಣ್ಸಲ್ವಾ ನಿನಗೆ?"

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಹೂವು.

ಮಾರ್ಚ್ ೪

ಯೋಸ್ಟ್‌ಗೆ ಇವತ್ತು ಮಾತಾಡುವಷ್ಟು ಉಸಿರಿತ್ತು. "ನೀನು ಹೋದಮೇಲೆ ಈ ಹುಡುಗಿ ಗತಿ ಏನೋ?" ಎಂದು ಕೇಳಿಯೇ ಬಿಟ್ಟೆ. ಕಾಯಿಲೆಯವನನ್ನು ಹಾಗೆ ಕೇಳಬಾರದು ಅನ್ನುವವರಿದ್ದಾರೆ. ಅಂಥವರು ಆಮೇಲೆ ಗೋರಿಯ ಕಲ್ಲನ್ನು ಕೇಳುತ್ತಾ ನಿಲ್ಲುತ್ತಾರೆ.

ಅವನು ಹೇಳಿದ್ದು ಇಷ್ಟು. ಈ ಊರಿನಲ್ಲಿ ಚಿತ್ರ ಬರೆದು ಮಾರುವವರು ಚಿತ್ರಗಾರರ ಸಂಘ ಒಪ್ಪಿದವರೇ ಆಗಿರಬೇಕು. ಅವನು ಸತ್ತ ದಿನವೇ ಅವನ ಹಕ್ಕೂ ಸಾಯುತ್ತದೆ. ಸಂಘದ ಹಿರಿಯರು ವರ್ಷಕ್ಕೊಮ್ಮೆ ಮೇ ತಿಂಗಳ ಕೊನೆಗೆ ಕೂತು ಹೊಸಬರ ಕೆಲಸ ನೋಡುತ್ತಾರೆ. ಲೈಸ್ಬೆಟ್‌ಳ ಹೆಸರು ಕೊಟ್ಟಾಗಿದೆ. ಅವಳು ತೋರಿಸಬೇಕಾದ್ದು ಓಕ್ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ವಸಂತದ ಹೂಗುಚ್ಛ, ಪೂರ್ತಿ ಅವಳದೇ ಕೈಯಿಂದ, ಎದುರಿಗಿಟ್ಟ ಹೂವನ್ನೇ ನೋಡಿ ಬರೆದದ್ದು. ಒಪ್ಪಿದರೆ ಈ ಮನೆ ಚಿತ್ರಗಾರರ ಮನೆಯಾಗಿಯೇ ಉಳಿಯುತ್ತದೆ.

"ಒಪ್ಪದಿದ್ರೆ?"

"ಒಪ್ಪದಿದ್ರೆ ಅವ್ವ, ಅವಳು ಯಾರದೋ ಮನೇಲಿ ಪಾತ್ರೆ ತಿಕ್ಕಬೇಕು."

"ನಾನೂ ತಿಕ್ಕಿದ್ದೀನಿ. ಕೈಯೇನೂ ಉದುರಿಲ್ಲ."

ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಕೆಂಪಾಯಿತು. ಬಟ್ಟೆಯನ್ನು ನಾನೇ ತೊಳೆದೆ.

ಆ ಹಲಗೆಯನ್ನು ನೋಡಿದೆ. ಹೂವಿಗಿಂತ ಖಾಲಿ ಜಾಗವೇ ಹೆಚ್ಚು. ಕೆಳಗೆ ಒಂದು ಗಾಜಿನ ಹೂಜಿ, ಪಕ್ಕದಲ್ಲಿ ಒಂದು ಬಿಳಿ ಚುಕ್ಕೆ, ಮಿಕ್ಕಿದ್ದೆಲ್ಲ ಕಂದು ಕತ್ತಲೆ. ಒಂದೊಂದು ಹೂವೂ ಅದರದರ ಕಾಲಕ್ಕೆ ಅರಳಿದಾಗ ಅದರ ಜಾಗದಲ್ಲಿ ಬರೆಯುತ್ತಾರಂತೆ. ತುದಿಯ ಜಾಗ ಟ್ಯೂಲಿಪ್‌ಗೆ, ಅದು ಎಲ್ಲರಿಗಿಂತ ಕೊನೆಗೆ ಬರುತ್ತದಂತೆ. ಮದುವೆಮನೆಯಲ್ಲಿ ಬರದ ಬೀಗರಿಗೆ ಕುರ್ಚಿ ಹಿಡಿದಿಟ್ಟ ಹಾಗೆ.

ಮಾರ್ಚ್ ೧೯

ವೈಬ್ರಾಂಟ್ ಬಂದಿದ್ದ. ನಾನೇ ಹೇಳಿಕಳಿಸಿದ್ದೆ. ನಮ್ಮೂರಲ್ಲಿ ನಾರುಬಟ್ಟೆಯನ್ನು ಹುಲ್ಲಿನ ಮೇಲೆ ಬಿಸಿಲಿಗೆ ಹಾಸಿ ಬಿಳುಪು ಮಾಡುವ ಮೈದಾನ ಅವನದು. ಹೆಂಡತಿ ತೀರಿಹೋಗಿದ್ದಾಳೆ, ಮಕ್ಕಳಿದ್ದಾರೆ, ಹಲ್ಲು ಎಲ್ಲವೂ ಇವೆ. ಒಂದು ಹುಡುಗಿಗೆ ಇನ್ನೇನು ಬೇಕು?

ಗಾಡಿಯ ಗಾಲಿಯ ಹಾಗೆ ದುಂಡಗಿನ ದೊಡ್ಡ ಗಿಣ್ಣಿನ ಗಟ್ಟಿಯೊಂದನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತ. ಲೈಸ್ಬೆಟ್ ಹಳದಿ ಹೂವಿನ ಮುಂದಿಂದ ಏಳಲಿಲ್ಲ.

"ಏನು ಬರೀತಿದ್ದೀಯಮ್ಮಾ?"

"ಹೂವು."

"ನಮ್ಮ ಕಾಲುವೆ ದಂಡೆ ಮೇಲೂ ಇವೆ. ದನ ತಿನ್ನುತ್ವೆ."

"ದನಕ್ಕೆ ನನ್ನ ನಮಸ್ಕಾರ ಹೇಳಿ," ಅಂದಳು.

ನಾಲಿಗೆ ನನ್ನದೇ. ಅದೊಂದು ವಿಷಯದಲ್ಲಿ ಯಾರೂ ಅನುಮಾನ ಪಡುವಂತಿಲ್ಲ. ವೈಬ್ರಾಂಟ್ ಹೋದಮೇಲೆ ಚೆನ್ನಾಗಿ ಬೈದೆ. "ಅವನ ಮೈದಾನದಲ್ಲಿ ಅನ್ನ ಇದೆ ಕಣೇ, ನಿನ್ನ ಹಲಗೆ ಮೇಲೆ ಏನಿದೆ?" ಅವಳು ಕುಂಚ ಒರೆಸುತ್ತಾ, "ಮೇ ತನಕ ತಾಳ್ಕೋ ಅಜ್ಜಿ. ಸಂಘದವರು ಬೇಡ ಅಂದ್ರೆ ನೀನು ತೋರಿಸಿದವನ ಕೈ ಹಿಡೀತೀನಿ," ಅಂದಳು.

ಮಾತು ಕೊಟ್ಟಿದ್ದಾಳೆ. ಬರೆದಿಟ್ಟಿದ್ದೇನೆ. ಗಿಣ್ಣು ಚೆನ್ನಾಗಿದೆ.

ಏಪ್ರಿಲ್ ೩

ಯೋಸ್ಟ್‌ನ ಹಾಸಿಗೆಯ ಬಳಿ ಲೈಸ್ಬೆಟ್ ಇರಬೇಕಾಯಿತು. ಬಣ್ಣ ಅರೆಯಲು ಯಾರೂ ಇರಲಿಲ್ಲ. ಸಾಸಿವೆ ಅರೆದ ಕೈಗೆ ಇದೇನು ಮಹಾ ಎಂದು ನಾನೇ ಕೂತೆ. ಕಲ್ಲಿನ ಮೇಲೆ ಪುಡಿ, ಅದಕ್ಕೆ ಅಗಸೆ ಎಣ್ಣೆ, ಮೇಲೆ ಗುಂಡುಕಲ್ಲು. ಅದೇ ಅಗಸೆಯ ನಾರನ್ನು ನಾನು ಚಿಕ್ಕಂದಿನಿಂದ ಬೂದಿನೀರಿನಲ್ಲಿ ಬೇಯಿಸಿದವಳು. ಗಿಡದ ಮೈ ನಮಗೆ, ಬೀಜದ ಎಣ್ಣೆ ಇವರಿಗೆ. ಇಷ್ಟು ವರ್ಷ ಒಂದೇ ಗಿಡದ ಎರಡು ಕಡೆ ಕೂತು ಬದುಕಿದ್ದೇವೆ.

ಬೆರಳಲ್ಲಿ ತರಿ ಸಿಗದ ತನಕ ಅರೆಯಬೇಕಂತೆ. ತರಿ ಸಿಗಲಿಲ್ಲ. ಲೈಸ್ಬೆಟ್ ಬಂದು ಕತ್ತಿಯ ತುದಿಯಲ್ಲಿ ತೆಗೆದು ಬೆಳಕಿಗೆ ಹಿಡಿದು, "ಅಪ್ಪನಿಗಿಂತ ನುಣ್ಣಗೆ ಅರೆದಿದ್ದೀಯಲ್ಲ ಅಜ್ಜಿ," ಅಂದಳು.

"ಬೆಣ್ಣೆ ಹಚ್ಚೋದು ರೊಟ್ಟಿಗೆ ಸಾಕು," ಅಂದೆ.

ಏಪ್ರಿಲ್ ೧೪

ಚೌಕುಳಿ ಹೂವು ಬೇಕಂತೆ. ಜೌಗು ಹುಲ್ಲುಗಾವಲಿನಲ್ಲಿ ತಲೆ ತಗ್ಗಿಸಿ ನಿಲ್ಲುವ ನೇರಳೆ ಹೂವು ಅದು. ಮೈಮೇಲೆ ಚೌಕ ಚೌಕ ಗುರುತು, ಟಿಟ್ಟಿಭ ಹಕ್ಕಿಯ ಮೊಟ್ಟೆಯ ಹಾಗೆ. ಲೈಸ್ಬೆಟ್ ಅಪ್ಪನನ್ನು ಬಿಟ್ಟು ಹೋಗುವಂತಿಲ್ಲ. ಮರದ ಜೋಡು ಮೆಟ್ಟಿಕೊಂಡು ನಾನೇ ಹೋದೆ. ಮೊದಲು ಸಿಕ್ಕಿದ್ದನ್ನು ಕೀಳಲಿಲ್ಲ, ಅದರ ಕುತ್ತಿಗೆ ತೀರಾ ನೆಟ್ಟಗಿತ್ತು. ಎರಡನೆಯದಕ್ಕೆ ಹುಳ ಬಿದ್ದಿತ್ತು. ಸರಿಯಾದದ್ದು ಸಿಗುವಷ್ಟರಲ್ಲಿ ಮೊಣಕಾಲ ತನಕ ಕೆಸರು.

"ಹೂವಿಗೆ ಹೋಗಿದ್ದೆಯಾ?" ಪಕ್ಕದ ಮನೆಯ ಆಲ್ಟೆ ತನ್ನ ಮೆಟ್ಟಿಲ ಮೇಲಿಂದಲೇ ಕೂಗಿದಳು. "ಈ ವಯಸ್ಸಲ್ಲಿ ಯಾರಿಗೆ ಕೊಡೋಕಮ್ಮಾ?"

"ನಿನ್ನ ಗಂಡನಿಗೆ. ದಾರೀಲಿ ಸಿಗಲಿಲ್ಲ, ಹೆಂಡದಂಗಡೀಲಿ ನೋಡ್ತೀನಿ."

ಯೋಸ್ಟ್ ಇವತ್ತು ಗಂಜಿ ಮುಟ್ಟಲಿಲ್ಲ. ಆದರೆ ಹಲಗೆ ತಂದು ತೋರಿಸು ಅಂದ. ಹಾಸಿಗೆಗೂಡಿನ ಮುಂದೆ ಎರಡು ಕೈಯಲ್ಲಿ ಹಿಡಿದು ನಿಂತೆ.

"ಸ್ವಲ್ಪ ಎಡಕ್ಕೆ ಅವ್ವ. ಇನ್ನೂ ಸ್ವಲ್ಪ. ಮೇಲಕ್ಕೆ."

"ನನ್ನನ್ನೇನು ನೀವು ಹಲಗೆ ನಿಲ್ಲಿಸೋ ಮರದ ನಿಲುಗಾಲು ಅಂದ್ಕೊಂಡ್ಯೇನೋ?"

"ಲೈಸ್, ಹಳದಿ ಹೂವಿನ ಕಾಂಡ ಕುಡಿದವನ ಹಾಗೆ ನಿಂತಿದೆ ನೋಡು. ಅದರೊಳಗೆ ನೀರು ಏರ್ತಾ ಇಲ್ಲ."

ಅವಳು ತಿದ್ದಿದಳು. ಕಾಂಡ ನೆಟ್ಟಗಾಗಲಿಲ್ಲ, ಆದರೂ ಕುಡಿದದ್ದು ಇಳಿದಿತ್ತು. ತೋಳು ಈಗಲೂ ನೋಯುತ್ತಿದೆ.

ಏಪ್ರಿಲ್ ೨೭

ವೈಬ್ರಾಂಟ್ ಬೆಣ್ಣೆ ಕಳಿಸಿದ್ದಾನೆ. ಉತ್ತರ ಕಳಿಸಲು ಪುರುಸೊತ್ತಾಗಲಿಲ್ಲ.

ಟ್ಯೂಲಿಪ್ ಯೋಸ್ಟ್ ನೆಟ್ಟದ್ದು, ಹಿತ್ತಲಿನ ಬಾವಿಯ ಬಳಿ. ಒಂದೇ ಒಂದು ಮೊಗ್ಗು, ಇನ್ನೂ ಹಸಿರು ಮುಷ್ಟಿ. ರಾತ್ರಿ ಬಸವನಹುಳುಗಳು ಬರುತ್ತವೆಂದು ಸುತ್ತ ಬೂದಿ ಹಾಕಿದೆ. ಮಧ್ಯಾಹ್ನ ಆಲಿಕಲ್ಲು ಬಿತ್ತು. ಬುಟ್ಟಿ ಕವುಚಿದರೆ ಗಾಳಿ ಎತ್ತಿಕೊಂಡು ಹೋಗುತ್ತಿತ್ತು, ಅದಕ್ಕೇ ಬುಟ್ಟಿ ಹಿಡಿದು ಅಲ್ಲೇ ಕೂತಿದ್ದೆ. ಬೇರೆ ಕೆಲಸವೂ ಇರಲಿಲ್ಲ. ಆಲ್ಟೆ ಬೇಲಿಯಾಚೆ ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಪೋಪನ ಹಳೆಯ ಮತದ ಚಾಳಿ, ಬಾಯಿ ಮಾತ್ರ ಹೊಸ ಮತದ್ದು.

ಒಳಗೆ ಯೋಸ್ಟ್ ಕೇಳುತ್ತಾನೆ, "ಬಣ್ಣ ಕಂಡಿತಾ?"

"ಇನ್ನೂ ಇಲ್ಲ."

"ನಾನು ಕಾಯ್ತೀನಿ ಅಂತ ಹೇಳು ಅದಕ್ಕೆ."

ಅಂಥ ಮಾತನ್ನು ಮೊಗ್ಗಿಗೆ ಹೇಳಲು ನನಗೇನು ತಲೆ ಕೆಟ್ಟಿದೆಯೇ? ಹೇಳಿದೆ.

ಮೇ ೫

ಅರಳಿತು. ಬಿಳಿಯ ಮೇಲೆ ಕೆಂಪು, ಯಾರೋ ಕೆಂಪು ನೀರಲ್ಲಿ ಗರಿ ಅದ್ದಿ ಎಳೆದ ಹಾಗೆ. ಬುಡದಲ್ಲಿ ಒಂದಿಷ್ಟು ನೀಲಿ ಇದೆ, ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಲೈಸ್ಬೆಟ್‌ಗೆ ತೋರಿಸಿದೆ. ನೋಡಿದ್ದೀನಿ ಅಂದಳು. ನೋಡಿರಲಿಲ್ಲ.

ಬೆಳಗಿನಿಂದ ಬರೆಯುತ್ತಿದ್ದಾಳೆ. ಅವಳ ಬಾಯಿಗೆ ರೊಟ್ಟಿಯ ತುಂಡು ನಾನೇ ಇಟ್ಟೆ.

ಮೇ ೮

ಮುಗಿಯಿತು. ಬೀಗರು ಬಂದು ಕೂತರು, ಕುರ್ಚಿ ಖಾಲಿಯಿಲ್ಲ.

ಹಲಗೆಯನ್ನು ಯೋಸ್ಟ್‌ನ ಮುಂದೆ ಹಿಡಿದೆ. ತುಂಬಾ ಹೊತ್ತು ನೋಡಿದ. ನಿದ್ದೆ ಹೋದನೇನೋ ಅಂದುಕೊಂಡೆ. ಆಮೇಲೆ, "ಇನ್ನು ಮುಟ್ಟಬೇಡ ಲೈಸ್," ಅಂದ. ಅಷ್ಟೇ. ಲೈಸ್ಬೆಟ್ ಅಡುಗೆಮನೆಗೆ ಓಡಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬೈದದ್ದೋ ಹೊಗಳಿದ್ದೋ ಎಂದು ಕೇಳಿದೆ. "ಅಪ್ಪ ಯಾರಿಗೂ ಹಾಗೆ ಅಂದಿಲ್ಲ ಅಜ್ಜಿ. ತನಗೇ ಅಂದ್ಕೊಂಡಿಲ್ಲ."

ಕೆಳಗಿನ ಹೂವುಗಳು ಒಣಗಿವೆ. ಟ್ಯೂಲಿಪ್ಪೂ ಅದರ ಸುತ್ತಿನದೂ ಇನ್ನೂ ಬೆಣ್ಣೆಯ ಹಾಗೆ ಹಸಿ. ಹಿರಿಯರು ಕೂರುವ ಹೊತ್ತಿಗೆ ಮೇಲುಪದರ ಗಟ್ಟಿಯಾಗುತ್ತದಂತೆ. ಅಲ್ಲಿಯ ತನಕ ಧೂಳು ಬೀಳಬಾರದು, ಬೆರಳು ತಾಗಬಾರದು. ಬೆಕ್ಕನ್ನು ಹೊರಗೆ ಹಾಕಿದೆ. ಗುಡಿಸುವುದನ್ನೂ ನಿಲ್ಲಿಸಿದೆ. ನಲವತ್ತು ವರ್ಷದಲ್ಲಿ ನಾನು ಗುಡಿಸದೆ ಬಿಟ್ಟ ನೆಲ ಇದೊಂದೇ.

ಮೇ ೧೦

ಬೆಳಗ್ಗೆ ಯೋಸ್ಟ್ ಹೋದ. ಅವನ ಕೈ ನನ್ನ ಕೈಯಲ್ಲಿತ್ತು. ಅವನು ಹುಟ್ಟಿದಾಗಲೂ ಕೈ ಅಷ್ಟೇ ತಣ್ಣಗಿತ್ತು, ಚಳಿಗಾಲದ ಕೂಸು.

ಆಲ್ಟೆ ಬೀದಿಯ ಹೆಂಗಸರನ್ನು ಕರೆತಂದಳು. ಸಾವಿನ ಮನೆಯಲ್ಲಿ ಕನ್ನಡಿ ಮುಚ್ಚಬೇಕು, ಚಿತ್ರಗಳ ಮುಖವನ್ನು ಗೋಡೆಗೆ ತಿರುಗಿಸಬೇಕು. ಅದು ನೆರೆಯವರ ಕೆಲಸ. ನನ್ನ ಮಗನ ಮನೆಯ ಚಿತ್ರಗಳನ್ನು ಇನ್ನೊಬ್ಬರ ಕೈ ಮುಟ್ಟುವುದು ಬೇಡವೆಂದು ಒಂದೊಂದನ್ನೂ ನಾನೇ ತಿರುಗಿಸಿದೆ. ನಿಲುಗಾಲಿನ ಮೇಲಿದ್ದ ಹಲಗೆಯನ್ನೂ. ಶವಪೆಟ್ಟಿಗೆ ತರುವವರ ಕಾಲಿಗೆ ಸಿಕ್ಕಿ ಬೀಳಬಾರದೆಂದು ಅದನ್ನು ಗೋಡೆಗಾನಿಸಿ, ಬಟ್ಟೆಯ ದೊಡ್ಡ ಪೆಟ್ಟಿಗೆಯನ್ನು ಹಿಂದಿನಿಂದ ಒತ್ತಿ ಇಟ್ಟೆ. ಲೈಸ್ಬೆಟ್ ಅಪ್ಪನ ಗಡ್ಡ ಬಾಚುತ್ತಿದ್ದಳು.

ಎಲ್ಲ ಕ್ರಮವಾಗಿ ಆಯಿತು. ಯಾರೂ ಒಂದು ಮಾತು ಆಡುವಂತಿಲ್ಲ.

ಮೇ ೧೪

ಮಣ್ಣು ಮಾಡಿ ಬಂದೆವು. ಬಂದವರು ತಿಂದು ಕುಡಿದು ಹೋದರು. ಕನ್ನಡಿಯ ಬಟ್ಟೆ ತೆಗೆದೆ. ಚಿತ್ರಗಳನ್ನು ಮನೆಯ ಕಡೆಗೆ ತಿರುಗಿಸುತ್ತಾ ಬಂದೆ. ಪೆಟ್ಟಿಗೆ ಸರಿಸಿದೆ. ಹಲಗೆ ಬೀಳಲಿಲ್ಲ. ಗೋಡೆಗೆ ಅಂಟಿಕೊಂಡು ತಾನೇ ನಿಂತಿತ್ತು.

ಆಗ ನನಗೆ ಗೊತ್ತಾಯಿತು.

ಎಳೆದಾಗ ಒದ್ದೆ ಬಟ್ಟೆ ಕಿತ್ತ ಸದ್ದು. ಗೋಡೆಯ ಮೇಲೆ ಟ್ಯೂಲಿಪ್ ಅರ್ಧ, ತಿರುಗುಮುರುಗಾಗಿ. ಹಲಗೆಯ ಮೇಲೆ ಸುಣ್ಣ.

ಮೇ ೧೫

ಲೈಸ್ಬೆಟ್ ಬೈಯಲಿಲ್ಲ. "ಬೈಯೇ," ಅಂದೆ. "ಏನಾದ್ರೂ ಅನ್ನು." ನನ್ನ ಭುಜ ಸವರಿದಳು.

ಮೇ ೧೯

ಸೂಜಿಯಿಂದ ಸುಣ್ಣದ ಹರಳುಗಳನ್ನು ಒಂದೊಂದಾಗಿ ಎತ್ತುತ್ತಿದ್ದಾಳೆ. ಒಂದೊಂದರ ಜೊತೆಗೂ ಬಣ್ಣ ಎದ್ದು ಬರುತ್ತದೆ. ಕೆರೆದು ಹೊಸದಾಗಿ ಬರೆದರೆ ಒಣಗುವ ಹೊತ್ತಿಲ್ಲ, ಒಣಗಿದರೂ ಎದುರಿಗಿಡಲು ಹೂವಿಲ್ಲ. ಬಾವಿಯ ಬಳಿಯದು ದಳ ಉದುರಿಸಿ ಬರೀ ಕಡ್ಡಿಯಾಗಿದೆ. ಊರಿನ ತೋಟಗಳಲ್ಲೆಲ್ಲ ಕೇಳಿಕೊಂಡು ಬಂದೆ. "ಈಗ ಟ್ಯೂಲಿಪ್ಪಾ ಅಜ್ಜಿ? ಗೆಡ್ಡೆ ಕೀಳೋ ಹೊತ್ತು," ಎಂದು ನಕ್ಕರು.

ಗೋಡೆಗೆ ಸುಣ್ಣ ಹೊಡೆಸಿಬಿಡು, ನೋಡೋಕಾಗಲ್ಲ ಎಂದು ಆಲ್ಟೆ ಅಂದಳು. ನೋಡೋಕಾಗದಿದ್ರೆ ನಿನ್ನ ಮನೇಲಿ ಕೂತ್ಕೋ ಅಂದೆ.

ಮೇ ೨೭

ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ನಾನೇ ಹೊತ್ತುಕೊಂಡು ಲೈಸ್ಬೆಟ್ ಜೊತೆ ಸಂಘಕ್ಕೆ ಹೋದೆ. ಹಿರಿಯರು ಉದ್ದನೆಯ ಮೇಜಿನ ಹಿಂದೆ ಕೂತಿದ್ದರು. ಮಧ್ಯದವನು ಫ್ಲೋರಿಸ್, ಯೋಸ್ಟ್‌ನ ಶವಕ್ಕೆ ಹೆಗಲು ಕೊಟ್ಟವನು. ಕಿಟಕಿಯ ಬಳಿಗೆ ಒಯ್ದು ನೋಡಿದ.

"ಮೇಲಿನ ಹೂವು ಎಲ್ಲಮ್ಮಾ?"

ಲೈಸ್ಬೆಟ್‌ಳನ್ನು ಪಕ್ಕಕ್ಕೆ ಸರಿಸಿ ನಾನು ಅಂದೆ, "ಅದು ನನ್ನ ಕೈಯ ಕೆಲಸ. ಸಾವಿನ ದಿನ ತಿರುಗಿಸಿದ್ದು ನಾನು. ಅವಳ ಕೈ ಅದರ ಕೆಳಗಿದೆ."

"ಕೆಳಗಿರೋದನ್ನ ನಾವು ನೋಡೋಕಾಗಲ್ಲವಲ್ಲ ತಾಯಿ."

"ಚೌಕುಳಿ ಹೂವು ನೋಡಿ. ಅದು ಸಾಲ್ದಾ?"

ನೋಡಿದ. ಹಲಗೆಯನ್ನು ಓರೆ ಮಾಡಿ ಬೆಳಕು ಬಿಟ್ಟು ಮತ್ತೆ ನೋಡಿದ. ಪಕ್ಕದವನಿಗೂ ತೋರಿಸಿದ. ಆಮೇಲೆ ಫ್ಲೋರಿಸ್ ಹೇಳಿದ, "ಚೌಕುಳಿ ಚೆನ್ನಾಗಿದೆ. ಆದ್ರೆ ಮುಗೀದಿರೋ ಕೆಲಸಕ್ಕೆ ಒಪ್ಪಿಗೆ ಕೊಟ್ರೆ ನಾಳೆ ಎಲ್ಲರೂ ಅರ್ಧ ಹಲಗೆ ಹೊತ್ಕೊಂಡು ಬರ್ತಾರೆ. ಮುಂದಿನ ಮೇ ತಿಂಗಳಿಗೆ ಬಾ ಮಗಳೇ. ಅಲ್ಲಿ ತನಕ ಆ ಮನೆಯಿಂದ ಚಿತ್ರ ಮಾರೋ ಹಾಗಿಲ್ಲ."

"ಮಾರದೆ ವರ್ಷವಿಡೀ ಏನು ತಿನ್ನಬೇಕು?" ಅಂದೆ. "ಹೂವನ್ನೇ?"

ಅವನು ತಲೆ ತಗ್ಗಿಸಿದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಉಗಿಯಬಹುದಿತ್ತು.

ಬರುವ ದಾರಿಯಲ್ಲಿ ಲೈಸ್ಬೆಟ್, "ವೈಬ್ರಾಂಟ್‌ಗೆ ಹೇಳಿಕಳಿಸು ಅಜ್ಜಿ," ಅಂದಳು. ಇವತ್ತಿನ ಹೆರಿಂಗ್ ಮೀನನ್ನು ಬೆಕ್ಕಿಗೆ ಹಾಕಿದೆ. ಮುಳ್ಳೇನೂ ಇರಲಿಲ್ಲ.

ಜೂನ್ ೨

ವೈಬ್ರಾಂಟ್ ಹೊಸ ಕಾಲರ್ ಹಾಕಿಕೊಂಡು ಬಂದ. ಇಸ್ತ್ರಿ ಚೆನ್ನಾಗಿತ್ತು, ಕುತ್ತಿಗೆ ತಿರುಗುತ್ತಿರಲಿಲ್ಲ. ಲೈಸ್ಬೆಟ್ ಅಪ್ಪನ ಕುರ್ಚಿಯ ಪಕ್ಕ ಕೈಕಟ್ಟಿ ನಿಂತಿದ್ದಳು. ತೊಳೆದ ಕೈ, ಉಗುರಲ್ಲಿ ಬಣ್ಣವಿಲ್ಲ. ಬಂದಾಗಿನಿಂದ ಆ ಉಗುರು ತೊಳಿ ಎಂದು ಬಾಯಿ ಬಡಿದುಕೊಂಡವಳು ನಾನು. ತೊಳೆದದ್ದನ್ನು ನೋಡಿದರೆ ಹೆಣದ ಕೈಯ ಹಾಗಿತ್ತು.

"ಹಾಗಾದ್ರೆ ಹಿಲ್ಲೆ ಅಜ್ಜಿ," ಅಂದ ವೈಬ್ರಾಂಟ್, "ನೀವು ಹೂಂ ಅಂದ್ರೆ..."

"ತಾಳು. ನಿನಗೆ ಬೇಕಾಗಿರೋದು ಹೆಂಡ್ತಿಯೋ, ಬೂದಿನೀರಿನ ತೊಟ್ಟಿಗೆ ಎರಡು ಕೈಯೋ?"

ಪಾಪ, ಸುಳ್ಳು ಹೇಳಲು ಬಾರದವನು. "ಎರಡೂ ಬೇಕಿತ್ತು ಅಜ್ಜಿ."

"ಒಂದು ಕೊಡ್ತೀನಿ. ಕೈ ನನ್ನವು."

"ನೀವಾ? ನಿಮ್ಮ ವಯಸ್ಸಿಗೆ..."

"ನೀನು ತೊಟ್ಟಿಲಲ್ಲಿ ಉಚ್ಚೆ ಹೊಯ್ಯೋವಾಗ ನಿಮ್ಮಪ್ಪನ ತೊಟ್ಟಿಗೆ ಬಟ್ಟೆ ಅದ್ದಿದ ಕೈ ಕಣೋ ಇವು. ವಾರದ ಕೂಲಿ ಇವಳ ಕೈಗೆ ಹೋಗ್ಬೇಕು. ನನಗೆ ಊಟ, ಮಲಗೋಕೆ ಒಂದು ಮೂಲೆ ಸಾಕು."

ಲೈಸ್ಬೆಟ್ ನಡುವೆ ಬಂದಳು. "ಅಜ್ಜಿ, ಬೇಡ. ನಾನು ಮಾತು ಕೊಟ್ಟಿದ್ದೆ. ಸಂಘದವರು ಬೇಡ ಅಂದ್ರೆ ಅಂತ."

"ಸಂಘದವರು ಬೇಡ ಅಂದಿಲ್ಲ. ಮುಂದಿನ ಮೇ ಅಂದಿದ್ದಾರೆ. ಕಿವಿ ಎಲ್ಲಿಟ್ಟಿದ್ದೆ?"

"ಒಂದು ಚಳಿಗಾಲ ಆ ನೀರಲ್ಲಿ ನಿಂತ್ರೆ ನೀನು ಉಳಿಯಲ್ಲ ಅಜ್ಜಿ."

"ಚಳಿಗಾಲದಲ್ಲಿ ಯಾರೇ ಬಟ್ಟೆ ಹಾಸ್ತಾರೆ, ಪೆದ್ದಿ? ಆಮೇಲಿಂದು ಆಮೇಲೆ."

ವೈಬ್ರಾಂಟ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. ಕೊನೆಗೆ, "ಗಾಡಿ ಸೋಮವಾರ ಬರುತ್ತೆ," ಅಂದ. ಹೋಗುವಾಗ ಬಾಗಿಲಲ್ಲಿ ನಿಂತು ಗೋಡೆಯ ಮೇಲಿನ ಅರ್ಧ ಹೂವನ್ನು ನೋಡಿದ.

ಬ್ಲೂಮೆಂಡಾಲ್, ಜೂನ್ ೧೪

ಕೈ ಬಿರಿದಿದೆ. ಬೂದಿನೀರು ಹಳೆಯ ಗೆಳತಿಯ ಹಾಗೆ, ಮರೆತಿಲ್ಲ, ಕಚ್ಚುತ್ತದೆ. ಬರೆಯಲು ಆಗುವುದಿಲ್ಲ.

ಜೂನ್ ೨೬

ಭಾನುವಾರ. ಲೈಸ್ಬೆಟ್ ನಡೆದುಕೊಂಡು ಬಂದಿದ್ದಳು. ಹಲಗೆಯ ಮೇಲ್ಭಾಗವನ್ನು ಮರ ಕಾಣುವ ತನಕ ಕೆರೆದು, ಮತ್ತೆ ಕಂದು ಬಣ್ಣ ಹಚ್ಚಿದ್ದಾಳಂತೆ. ಹಂದಿಕೊಬ್ಬು ತಂದು ನನ್ನ ಕೈಗೆ ಹಚ್ಚಿದಳು. ಅವಳ ಉಗುರಲ್ಲಿ ಕಂದು ಬಣ್ಣವಿತ್ತು. ಕೆಮ್ಮು ಯಾವಾಗಿನಿಂದ ಎಂದು ಕೇಳಿದಳು. ಬೂದಿನೀರಿನ ತೊಟ್ಟಿಯ ಹಬೆ ಅಂದೆ.

ಜುಲೈ ೧

ತೊಟ್ಟಿಯ ಬಳಿ ಬಿದ್ದೆನೆಂದು ವೈಬ್ರಾಂಟ್ ನನ್ನನ್ನು ಹುಲ್ಲಿನ ಕೆಲಸಕ್ಕೆ ಹಾಕಿದ್ದಾನೆ. ಬಟ್ಟೆ ಹಾಸುವ ಮೊದಲು ಮೈದಾನದಲ್ಲಿರುವ ಹೂವುಗಳನ್ನೆಲ್ಲ ಕಿತ್ತೆಸೆಯಬೇಕು. ಇಲ್ಲದಿದ್ದರೆ ಬಿಳಿಯ ಮೇಲೆ ಅವುಗಳ ಕಲೆ ಕೂರುತ್ತದೆ. ಮಕ್ಕಳು ಮುದುಕಿಯರು ಮಾಡುವ ಕೆಲಸ. ನನ್ನ ಆಯುಸ್ಸಿನಲ್ಲಿ ಗಾಡಿಗಟ್ಟಲೆ ಕಿತ್ತಿದ್ದೇನೆ, ಹೇನು ಹೆಕ್ಕಿದ ಹಾಗೆ.

ಕಾಲುವೆಯ ಕಡೆಯ ಸಾಲಿನಲ್ಲಿ ಹಳದಿ ಬಟ್ಟಲು ಹೂವಿನ ಒಂದು ಗುಂಪಿತ್ತು. ಕೈ ಹಾಕಿದೆ. ಒಳಗಿನ ಹಳದಿಗೆ ಎಣ್ಣೆ ಸವರಿದ ಹೊಳಪು, ಆ ಹೊಳಪು ಹಳದಿಯಲ್ಲ, ಹೆಚ್ಚುಕಡಿಮೆ ಬಿಳಿ. ದಳದ ಬೆನ್ನು ಮಾತ್ರ ಹಸಿರಿಗೆ ತಿರುಗಿದೆ. ಸೀಸದ ಹಳದಿ ಬಣ್ಣವೊಂದರಲ್ಲೇ ಅದು ಬರುವುದಿಲ್ಲ. ಕೆಳಗೆ ತೆಳ್ಳಗೆ ಇನ್ನೇನೋ ಹಾ‌ಕಿ ಒಣಗಲು ಬಿಡಬೇಕು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಹಿಂದೆ ಬಟ್ಟೆ ಹೊತ್ತವರು ಬಂದು ನಿಂತಿದ್ದರು.

"ಅಜ್ಜೀ!" ಮೇಲ್ವಿಚಾರಕ ಹುಲ್ಲಿನ ಆ ತುದಿಯಿಂದ ಅರಚಿದ. "ಕಾಲ ಬುಡದಲ್ಲೇ ಇಷ್ಟು ಹೂವು ಬಿಟ್ಟಿದ್ದೀಯಲ್ಲ, ಕಣ್ಣು ಹೋಯ್ತಾ ನಿನಗೆ?"

"ಹೂಂ ಕಣಪ್ಪಾ," ಅಂದೆ. "ಹೋಯ್ತು. ಈ ಸಾಲಲ್ಲಿ ಆಮೇಲೆ ಬಟ್ಟೆ ಹಾಸ್ಕೊಳ್ಳಿ."